ನಿಮ್ಮ ಸಾಲ ತೀರಿತು, ಬ್ಯಾಂಕಿನ ಬಾಕಿ ಶುರುವಾಯಿತು

ಕೊನೆಯ ಕಂತು ಕಟ್ಟಿದ ದಿನ ಜನ ಬ್ಯಾಂಕಿನಿಂದ ಹಗುರಾಗಿ ಹೊರಬರುತ್ತಾರೆ. ಇನ್ನು ಈ ಕಡೆ ತಲೆ ಹಾಕುವ ಕೆಲಸವಿಲ್ಲ ಅನ್ನುವ ನೆಮ್ಮದಿ. ಮನೆ ಪತ್ರಗಳು ಎಲ್ಲಿ ಅಂದರೆ ‘ಮುಂದಿನ ವಾರ ಬನ್ನಿ ಅಂದಿದ್ದಾರೆ’ ಅನ್ನುತ್ತಾರೆ. ಮುಂದಿನ ವಾರ ಮ್ಯಾನೇಜರ್ ರಜೆ, ಅದರಾಚೆ ವಾರ ಫೈಲು ಹೆಡ್ ಆಫೀಸಿನಿಂದ ಬಂದಿಲ್ಲ. ನನ್ನ ಕಚೇರಿ ಮೆಟ್ಟಿಲು ಹತ್ತುವ ಹೊತ್ತಿಗೆ ಇಂಥವರ ಮಾತಿಗೆ ಬೇಡುವ ಧಾಟಿ ಬಂದುಬಿಟ್ಟಿರುತ್ತದೆ: ‘ಸಾರ್, ಒಂದು ಮಾತು ಹೇಳಿ ಕೊಡಿಸಿ’. ನಾನು ಮೊದಲು ತಿದ್ದುವುದು ಆ ಧಾಟಿಯನ್ನೇ. ಸಾಲ ಪೂರ್ತಿ ತೀರಿದ ದಿನದಿಂದ ಬಾಕಿದಾರರು ನೀವಲ್ಲ, ಅವರು. ಆ ಬಾಕಿಗೆ ಗಡುವೂ ಇದೆ, ತಪ್ಪಿದರೆ ದಿನಕ್ಕಿಷ್ಟು ಎಂಬ ಲೆಕ್ಕವೂ ಇದೆ.

2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದರ ಬುನಾದಿ. ಆ ವರ್ಷದ ಡಿಸೆಂಬರ್ 1ರಿಂದ ಜಾರಿ. ಸಾಲ ಪೂರ್ತಿ ತೀರಿದ ಅಥವಾ ಇತ್ಯರ್ಥವಾದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ಆಸ್ತಿಯ ಮೇಲೆ ನೋಂದಾಯಿಸಿದ ಋಣಭಾರವನ್ನೂ ತೆಗೆಸಬೇಕು. ತಡವಾದರೆ ಕಾರಣವನ್ನು ಸಾಲಗಾರನಿಗೆ ತಿಳಿಸಬೇಕು. ತಡ ತಮ್ಮ ಕಡೆಯಿಂದಲೇ ಆಗಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಬ್ಯಾಂಕಿಗೂ ಇದೇ, ಬ್ಯಾಂಕಲ್ಲದ ಹಣಕಾಸು ಕಂಪನಿ ಅಂದರೆ ಎನ್‌ಬಿಎಫ್‌ಸಿಗೂ ಇದೇ, ಸಹಕಾರಿ ಬ್ಯಾಂಕಿಗೂ ಇದೇ. ‘ಇತ್ಯರ್ಥ’ ಎಂದಿರುವುದರಿಂದ ಒಂದೇ ಬಾರಿಗೆ ಮಾತಾಡಿ ಮುಗಿಸಿಕೊಂಡ ಒಟಿಎಸ್ ಸಾಲವೂ ಇದರೊಳಗೆ ಬರುತ್ತದೆ. ರಿಯಾಯಿತಿ ಕೊಟ್ಟಿದ್ದೇವಲ್ಲ, ಸ್ವಲ್ಪ ಕಾಯಿರಿ ಎನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಎಲ್ಲ ಸಾಲಕ್ಕೂ ಅನ್ವಯವೇ ಅಂದರೆ, ಇಲ್ಲ. ವ್ಯಕ್ತಿಗಳು ಮನೆ ಕಟ್ಟಲು ಅಥವಾ ಕೊಳ್ಳಲು, ಓದಿಗೆ, ವಾಹನಕ್ಕೆ, ಸ್ವಂತ ಖರ್ಚಿಗೆ, ಷೇರಿನಂಥ ಹೂಡಿಕೆಗೆ ತೆಗೆದುಕೊಂಡ ಸಾಲಗಳಷ್ಟೇ ಇದರ ವ್ಯಾಪ್ತಿ. ಅಂಗಡಿಗೆ, ಫ್ಯಾಕ್ಟರಿಗೆ ಮಾಡಿದ ಸಾಲಕ್ಕೂ ಬೆಳೆ ಸಾಲಕ್ಕೂ ಈ 5,000ದ ಲೆಕ್ಕ ಹಿಡಿದು ಹೋದರೆ ಬರಿಗೈಯಲ್ಲಿ ಬರುತ್ತೀರಿ. ಬೆಳೆ ಸಾಲ ತೀರಿ ವರ್ಷವಾದರೂ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಕೂತೇ ಇರುವುದನ್ನು ಹಳ್ಳಿ ಕಡೆ ಬೇಕಾದಷ್ಟು ನೋಡಿದ್ದೇನೆ. ಈ ನಿಯಮ ಅತ್ಯಂತ ಅಗತ್ಯವಿದ್ದವರನ್ನೇ ಹೊರಗಿಟ್ಟಿದೆ ಎಂಬುದು ನನ್ನ ದೂರು.

ಇನ್ನು ಕಾಸಿನ ವಿಷಯ. ‘ತಡ ತಮ್ಮ ಕಡೆಯಿಂದ ಆಗಿದ್ದರೆ’ ಎಂಬ ಮಾತಿನಲ್ಲೇ ಎಲ್ಲ ಜಗಳ ಇರುವುದು. ಫೋನ್ ಮಾಡಿದ್ದೆವು, ಗ್ರಾಹಕರೇ ಬರಲಿಲ್ಲ ಎಂದು ಶಾಖೆಯವರು ಬರೆದುಬಿಟ್ಟರೆ ದಿನಗಳ ಲೆಕ್ಕ ಅಲ್ಲೇ ನಿಂತಿತು. ಅದಕ್ಕೇ ಕೊನೆಯ ಹಣ ಕಟ್ಟಿದ ದಿನವೇ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ: ಸಾಲದ ಖಾತೆ ಸಂಖ್ಯೆ, ಹಣ ಕಟ್ಟಿದ ದಿನ, ಪತ್ರಗಳನ್ನು ಯಾವ ಶಾಖೆಯಲ್ಲಿ ಪಡೆಯುತ್ತೀರಿ ಎಂಬುದು. ಶಾಖೆ ಆರಿಸುವ ಹಕ್ಕು ನಿಮ್ಮದು. ಸಾಲ ನಡೆದ ಶಾಖೆಯಲ್ಲೇ ತೆಗೆದುಕೊಳ್ಳಬಹುದು, ಇಲ್ಲವೇ ಪತ್ರಗಳು ಇರುವ ಅವರ ಬೇರೆ ಕಚೇರಿಯಲ್ಲಿ. ಮೈಸೂರಿನಲ್ಲಿ ಸಾಲ ಮಾಡಿದವರನ್ನು ಪತ್ರಕ್ಕಾಗಿ ಚೆನ್ನೈಗೆ ಓಡಿಸುವ ಹಾಗಿಲ್ಲ. ಬಾಕಿ ಇಲ್ಲವೆಂದು ಬ್ಯಾಂಕ್ ಬರೆದುಕೊಡುವ ಎನ್‌ಒಸಿ ಕೈಗೆ ಬಂದ ಮೇಲೆ 30 ದಿನ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಅದು ತಪ್ಪು. ಎಣಿಕೆ ಶುರುವಾಗುವುದು ಹಣ ಪೂರ್ತಿ ಸಂದಾಯವಾದ ದಿನದಿಂದ. 31ನೇ ದಿನ ‘ಪತ್ರ ಕೊಡಿ’ ಎಂದು ಕೇಳುವುದಕ್ಕಿಂತ ‘ತಡವೇಕೆ ಎಂದು ಬರೆದು ಕೊಡಿ’ ಎಂದು ಕೇಳುವುದು ಮೇಲು. ಕಾರಣ ಕಾಗದದ ಮೇಲೆ ಬಂದರೆ ತಪ್ಪು ಯಾರದ್ದು ಎಂಬುದೂ ಅದರೊಳಗೇ ಬಂದಿರುತ್ತದೆ. ಬರೆದು ಕೊಡಲು ಮನಸ್ಸಿಲ್ಲದ ಶಾಖೆಯಲ್ಲಿ ಪತ್ರಗಳೇ ಎರಡು ದಿನದಲ್ಲಿ ಸಿಗುವುದೂ ಉಂಟು.

ಪತ್ರ ಕೈಗೆ ಬಂತೆಂದು ಅಲ್ಲಿಗೇ ಬಿಡಬೇಡಿ. ನಮ್ಮ ರಾಜ್ಯದಲ್ಲಿ ಪತ್ರ ಅಡವಿಟ್ಟ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುತ್ತದೆ. ಬಿಡುಗಡೆ ಪತ್ರ ನೋಂದಣಿಯಾಗುವವರೆಗೂ ಕಾಣುತ್ತಲೇ ಇರುತ್ತದೆ. ಹತ್ತು ವರ್ಷದ ನಂತರ ಮಗಳ ಮದುವೆಗೆ ಸೈಟು ಮಾರಲು ಹೊರಟಾಗ ಕೊಳ್ಳುವವರ ವಕೀಲರು ಅದನ್ನು ತೋರಿಸುತ್ತಾರೆ. ಅಷ್ಟರಲ್ಲಿ ಆ ಶಾಖೆ ಇನ್ನೊಂದರೊಡನೆ ವಿಲೀನವಾಗಿರುತ್ತದೆ, ಸಹಿ ಮಾಡುವವರೇ ಯಾರೆಂದು ಗೊತ್ತಾಗದು. ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ತೆಗೆಸಿದ್ದೇವೆ, ನಮ್ಮ ಕೆಲಸ ಮುಗಿಯಿತು ಎಂದು ಕೆಲವು ಬ್ಯಾಂಕುಗಳು ಹೇಳುತ್ತವೆ. ಸುತ್ತೋಲೆಯ ಮಾತು ಒಂದು ನೋಂದಣಿಗೆ ಸೀಮಿತವಾಗಿಲ್ಲ, ಯಾವುದೇ ನೋಂದಣಿಯಲ್ಲಿನ ಭಾರವನ್ನೂ ತೆಗೆಸಬೇಕು ಎಂದೇ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯೂ ಅದರಲ್ಲಿ ಸೇರುತ್ತದೆ ಎಂದೇ ನಾನು ಓದುತ್ತೇನೆ, ಹಾಗೆಂದೇ ನೋಟಿಸಿನಲ್ಲಿ ಬರೆಯುತ್ತೇನೆ. ವಾಹನವಾದರೆ ಆರ್‌ಸಿಯಲ್ಲಿ ಹೈಪಾಥಿಕೇಷನ್, ಅಂದರೆ ಸಾಲಕ್ಕೆ ಅಡವಿದೆ ಎಂಬ ನಮೂದು, ಹೋಗಬೇಕು, ಅದಕ್ಕೆ ಸಾಲ ಕೊಟ್ಟವರು ಫಾರಂ 35ಕ್ಕೆ ಸಹಿ ಹಾಕಿ ಕೊಡಬೇಕು.

ಪತ್ರಗಳೇ ಕಳೆದುಹೋಗಿದ್ದರೆ? ಬ್ಯಾಂಕಿನವರು ಕಳೆದು, ಗ್ರಾಹಕರ ಕೈಲಿ ಪೊಲೀಸ್ ದೂರು, ಪತ್ರಿಕೆ ಜಾಹೀರಾತು ಎಲ್ಲ ಮಾಡಿಸಿ, ಖರ್ಚನ್ನೂ ಅವರ ತಲೆಗೇ ಕಟ್ಟುವುದು ಹಳೇ ಪದ್ಧತಿ. ಈಗ ನಕಲು ಅಥವಾ ದೃಢೀಕೃತ ಪ್ರತಿ ಪಡೆಯಲು ನೆರವಾಗುವ ಹೊಣೆ ಅವರದ್ದು, ಖರ್ಚೂ ಅವರದ್ದೇ. ಇದಕ್ಕಾಗಿ ಅವರಿಗೆ ಇನ್ನೂ 30 ದಿನ ಹೆಚ್ಚು ಸಿಗುತ್ತದೆ, ಅಂದರೆ ಒಟ್ಟು 60. ಅದು ದಾಟಿದರೆ ದಿನದ ಪರಿಹಾರ ಶುರು. ಮೂಲ ಕ್ರಯಪತ್ರ ಇಲ್ಲದ ಮನೆಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದಲ್ಲ, ಆ ನಷ್ಟಕ್ಕೆ ಗ್ರಾಹಕರ ಆಯೋಗದ ಬಾಗಿಲು ಬೇರೆಯಾಗಿಯೇ ತೆರೆದಿದೆ. ದಿನದ ಲೆಕ್ಕದ ಪರಿಹಾರ ಅದಕ್ಕೆ ಅಡ್ಡಿಯಲ್ಲ.

ಸಾಲಗಾರ ತೀರಿಕೊಂಡಿದ್ದರೆ ವಾರಸುದಾರರಿಗೆ ಪತ್ರ ಕೊಡುವ ಕ್ರಮವನ್ನು ಬ್ಯಾಂಕ್ ಮೊದಲೇ ಗೊತ್ತುಮಾಡಿ ತನ್ನ ವೆಬ್‌ಸೈಟಿನಲ್ಲಿ ಹಾಕಿರಬೇಕು. ಕೌಂಟರಿನಲ್ಲಿ ಅದು ತನ್ನಿ, ಇದು ತನ್ನಿ ಎಂದು ಶುರುವಾದರೆ ಆ ಪುಟ ತೋರಿಸಿ ಎನ್ನಿ.

ಮುಂಗಡವಾಗಿ ಸಾಲ ತೀರಿಸುವವರು ಬ್ಯಾಂಕ್ ಕೊಡುವ ಕೊನೆಯ ಬಾಕಿ ಲೆಕ್ಕವಾದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟನ್ನು ಕಣ್ಣು ಮುಚ್ಚಿ ಒಪ್ಪಬಾರದು. ತಿಂಗಳ ಮಧ್ಯೆ ಸಾಲ ತೀರಿಸಿದರೂ ಇಡೀ ತಿಂಗಳ ಬಡ್ಡಿ ಹಾಕುವ ಅಭ್ಯಾಸ ಕೆಲವು ಸಂಸ್ಥೆಗಳಲ್ಲಿ ಇರುವುದನ್ನು ರಿಸರ್ವ್ ಬ್ಯಾಂಕೇ ತಪಾಸಣೆಯಲ್ಲಿ ಕಂಡು, 2024ರ ಏಪ್ರಿಲ್ 29ರಂದು ನಿಲ್ಲಿಸಲು ಹೇಳಿತು. ಸಾಲ ಬಾಕಿ ಇದ್ದ ದಿನಗಳಿಗಷ್ಟೇ ಬಡ್ಡಿ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಪಡೆದ ಫ್ಲೋಟಿಂಗ್ (ಏರಿಳಿಯುವ) ಬಡ್ಡಿ ಸಾಲಕ್ಕೆ ಪ್ರೀಪೇಮೆಂಟ್ ಶುಲ್ಕ ಇಲ್ಲ, ಬೇರೆ ಬ್ಯಾಂಕಿನಿಂದ ದುಡ್ಡು ತಂದು ಕಟ್ಟಿದರೂ ಇಲ್ಲ. ಕಂತು ತಪ್ಪಿದ್ದಕ್ಕೆ ಹಾಕುವ ದಂಡವನ್ನು ಬಡ್ಡಿಯಾಗಿ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಸುವುದೂ 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ ನಿಂತಿದೆ. ಹಳೆಯ ಸಾಲಗಳನ್ನು ಆ ಜೂನ್ ಕೊನೆಯೊಳಗೆ ಬದಲಿಸಿಕೊಳ್ಳಬೇಕಿತ್ತು. ಸ್ಟೇಟ್‌ಮೆಂಟಿನಲ್ಲಿ ‘ಪೀನಲ್ ಇಂಟರೆಸ್ಟ್’ ಎಂಬ ಸಾಲು ಈಗಲೂ ಕಂಡರೆ ವಿವರ ಕೇಳಿ.

ಜಾಮೀನು ಹಾಕಿದವರ ಕಥೆ ಬೇರೆ. ಅಣ್ಣ ಸಾಲ ಮಾಡಿ ಸುಸ್ತಿಯಾಗಿ, ಕೊನೆಗೆ ತಮ್ಮ ಜಾಮೀನುದಾರನೆಂದು ಹಣ ಕಟ್ಟುತ್ತಾನೆ. ಬ್ಯಾಂಕಿನವರು ಪತ್ರಗಳನ್ನು ಎಂದಿನಂತೆ ಸಾಲಗಾರನಾದ ಅಣ್ಣನ ಕೈಗೇ ಕೊಟ್ಟು ಕಳಿಸುತ್ತಾರೆ. 1872ರ ಕರಾರು ಕಾಯ್ದೆಯ 140 ಮತ್ತು 141ನೇ ಕಲಮುಗಳ ಪ್ರಕಾರ, ಸಾಲ ತೀರಿಸಿದ ಜಾಮೀನುದಾರ ಬ್ಯಾಂಕಿನ ಜಾಗದಲ್ಲಿ ನಿಲ್ಲುತ್ತಾನೆ, ಜಾಮೀನಿನ ಹೊತ್ತಿಗೆ ಬ್ಯಾಂಕಿನ ಬಳಿಯಿದ್ದ ಭದ್ರತೆಯ (ಸಾಲಕ್ಕೆ ಅಡವಿಟ್ಟ ಆಸ್ತಿಯ) ಲಾಭ ಅವನಿಗೆ ಸಲ್ಲಬೇಕು. ಅವನ ಒಪ್ಪಿಗೆಯಿಲ್ಲದೆ ಆ ಭದ್ರತೆಯನ್ನು ಬ್ಯಾಂಕ್ ಕೈಬಿಟ್ಟರೆ ಅಥವಾ ಕಳೆದರೆ, ಅದರ ಬೆಲೆಯಷ್ಟು ಜಾಮೀನು ಕಳಚುತ್ತದೆ. ಆದರೆ ಬ್ಯಾಂಕಿನ ಅಚ್ಚಾದ ಜಾಮೀನು ಪತ್ರದಲ್ಲಿ ಈ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ, ಅಂಥ ಷರತ್ತು ನಿಲ್ಲುತ್ತದೆ ಎಂದು ನಮ್ಮ ಹೈಕೋರ್ಟೇ ಹೇಳಿದ್ದಿದೆ. ಜಾಮೀನು ಹಾಕುವಾಗ ಆ ಸಾಲನ್ನು ಹುಡುಕಿ ಓದಿದ ಒಬ್ಬರನ್ನೂ ನಾನು ಕಂಡಿಲ್ಲ.

ಚಿನ್ನದ ಸಾಲಕ್ಕೆ ಬೇರೆಯೇ ನಿರ್ದೇಶನವಿದೆ. 2025ರ ಜೂನ್ 6ರಂದು ಬಂದ ಅದನ್ನು ಪಾಲಿಸಲು ಕೊನೆಯ ಗಡುವು 2026ರ ಏಪ್ರಿಲ್ 1. ಹಣ ಪೂರ್ತಿ ಕಟ್ಟಿದರೆ ಒಡವೆ ಅದೇ ದಿನ, ಹೆಚ್ಚೆಂದರೆ ಏಳು ಕೆಲಸದ ದಿನಗಳೊಳಗೆ ಕೈ ಸೇರಬೇಕು. ತಪ್ಪು ಅವರದ್ದಾದರೆ ಇಲ್ಲೂ ದಿನಕ್ಕೆ 5,000. ಹರಾಜಿಗೆ ಹೋದರೆ ಕನಿಷ್ಠ ಬೆಲೆ ಅಂದಿನ ಮೌಲ್ಯದ ಶೇ 90ಕ್ಕಿಂತ ಕಡಿಮೆ ಇಡುವಂತಿಲ್ಲ, ಎರಡು ಬಾರಿ ಹರಾಜು ವಿಫಲವಾದರೆ ಮಾತ್ರ ಶೇ 85. ಸಾಲಕ್ಕೆ ಹೋಗಿ ಮಿಕ್ಕ ಹಣ ಒಡವೆಯ ಒಡೆಯರದ್ದು. ಹರಾಜಾಯಿತು ಅಂದ ಕೂಡಲೆ ಎಲ್ಲ ಹೋಯಿತು ಎಂದು ಹೆಂಗಸರು ಅತ್ತು ಸುಮ್ಮನಾಗುತ್ತಾರೆ, ಲೆಕ್ಕ ಕೇಳುವುದೇ ಇಲ್ಲ. ಕೇಳಿ. ಚಿನ್ನದ ಬೆಲೆ ಏರಿರುವ ಈ ದಿನಗಳಲ್ಲಿ ಮಿಕ್ಕುವುದು ಸಣ್ಣ ಮೊತ್ತವಲ್ಲ. ಸಾಲದ ಷರತ್ತುಗಳು ಆ ಪ್ರದೇಶದ ಭಾಷೆಯಲ್ಲಿ ಅಥವಾ ಸಾಲಗಾರ ಕೇಳಿದ ಭಾಷೆಯಲ್ಲಿ ಇರಬೇಕೆಂಬುದೂ ಇದೇ ನಿರ್ದೇಶನದಲ್ಲಿದೆ. ಕನ್ನಡದಲ್ಲಿ ಕೊಡಿ ಎಂದರೆ ನೀವು ಉಪಕಾರ ಕೇಳಿದಂತಲ್ಲ.

ಸಾಲ ಮುಗಿದರೂ ನಿಮ್ಮ ಸಾಲಗಳ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ಬಾಕಿ ಎಂದೇ ತೋರಿಸುತ್ತಿದ್ದರೆ ದೂರು ಕೊಟ್ಟ 30 ದಿನದಲ್ಲಿ ಸರಿಯಾಗಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು ಮೊದಲ 21 ದಿನ. ದಾಟಿದರೆ ದಿನಕ್ಕೆ 100 ರೂಪಾಯಿ. ಮೊತ್ತ ಚಿಕ್ಕದು, ಆದರೆ ಅದನ್ನು ಕೇಳಿದ ಪತ್ರಕ್ಕೆ ಉತ್ತರ ಬೇಗ ಬರುತ್ತದೆ. ಕ್ರೆಡಿಟ್ ಕಾರ್ಡಾದರೆ, ಬಾಕಿ ಇಲ್ಲದೆ ಮುಚ್ಚಲು ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500.

ಫೈನಾನ್ಸ್ ಕಂಪನಿಯ ಮೇಲೆ ಲೇವಾದೇವಿ ಕಾಯ್ದೆಯಡಿ ದೂರು ಕೊಡಿಸಿ ಎಂದು ಬರುವವರಿಗೆ ಒಂದು ಮಾತು: ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಎನ್‌ಬಿಎಫ್‌ಸಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ತೀರ್ಪು ಕೊಟ್ಟಿದೆ. ಅವರ ಮೇಲಿನ ದೂರು ರಿಸರ್ವ್ ಬ್ಯಾಂಕಿನ ನಿಯಮ ಹಿಡಿದೇ ಹೋಗಬೇಕು.

ಸಾಲಕ್ಕೆಂದು ಕೊಟ್ಟಿದ್ದ ಖಾಲಿ ಚೆಕ್ಕುಗಳು ಆಸ್ತಿ ಪತ್ರಗಳಲ್ಲ, 5,000ದ ಲೆಕ್ಕಕ್ಕೆ ಅವು ಬರುವುದಿಲ್ಲ. ಹಾಗಾಗಿ ಮೊದಲ ದಿನದ ಪತ್ರದಲ್ಲೇ ಚೆಕ್ ಸಂಖ್ಯೆಗಳನ್ನು ಬರೆದು ವಾಪಸ್ ಕೇಳಿ, ಇಎಂಐ ಕಡಿತದ ಮ್ಯಾಂಡೇಟ್ ರದ್ದು ಮಾಡಲೂ ಹೇಳಿ. ಸುತ್ತೋಲೆಯ ತಾರೀಖು ಹೇಳಿದರೆ ‘ಅದು ರದ್ದಾಗಿದೆ’ ಎಂದು ಯಾರಾದರೂ ಅಂದಾರು. 2025ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹಳೆಯ ಸಾವಿರಾರು ಸುತ್ತೋಲೆಗಳನ್ನು ರದ್ದುಮಾಡಿ, ಜಾರಿಯಲ್ಲಿದ್ದ ನಿಯಮಗಳನ್ನು ಬ್ಯಾಂಕಿಗೊಂದು, ಎನ್‌ಬಿಎಫ್‌ಸಿಗೊಂದು ಎಂಬಂತೆ ಹೊಸ ನಿರ್ದೇಶನಗಳಾಗಿ ಜೋಡಿಸಿದೆ. ರದ್ದಾದದ್ದು ಹಳೆಯ ಸುತ್ತೋಲೆ, ಹೊಣೆಯಲ್ಲ. ಶಾಖೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೌಸಿಂಗ್ ಫೈನಾನ್ಸ್ ಕಂಪನಿಯ ಸಾಲವಾದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ.