ಸೀನಿಯರ್ ಇಂಜಿನಿಯರ್ ಆಯ್ತು, ಮುಂದೆ ಮ್ಯಾನೇಜರ್ ಆಗಲೇಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಯೊಂದರ ಕೇಂದ್ರದಲ್ಲಿ ಸೀನಿಯರ್ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಒಂಬತ್ತು ವರ್ಷದ ಅನುಭವ. ಈ ಸಲದ ಅಪ್ರೈಸಲ್‌ನಲ್ಲಿ ನಮ್ಮ ಮ್ಯಾನೇಜರ್, "ಪೀಪಲ್ ಮ್ಯಾನೇಜ್‌ಮೆಂಟ್ ಕಡೆ ಹೋಗ್ತೀರಾ, ಟೆಕ್ನಿಕಲ್ ಕಡೆಯೇ ಇರ್ತೀರಾ, ಯೋಚನೆ ಮಾಡಿ ಹೇಳಿ" ಅಂದರು. ನನಗೆ ಕೋಡ್ ಬರೆಯೋದು ಇಷ್ಟ. ಆದರೆ ಮ್ಯಾನೇಜರ್ ಆಗದಿದ್ದರೆ ನಲವತ್ತು ದಾಟಿದ ಮೇಲೆ ಕೆಲಸ ಉಳಿಯಲ್ಲ ಅಂತ ಎಲ್ಲರೂ ಹೆದರಿಸ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಹೆದರಿಕೆಯ ಲೆಕ್ಕ ಮುಗಿಸೋಣ. ಅದು ಸುಮ್ನೆ ಹುಟ್ಟಿದ್ದಲ್ಲ. ನಮ್ಮಲ್ಲಿ ಐಟಿ ಬೆಳೆದದ್ದು ಬಹುಪಾಲು ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಗಳಿಂದ. ಅಲ್ಲಿ ಬಹಳ ಕಾಲ ದುಡ್ಡು ಬರುತ್ತಿದ್ದದ್ದು ತಲೆ ಲೆಕ್ಕದಲ್ಲಿ. ಪ್ರಾಜೆಕ್ಟ್‌ನಲ್ಲಿ ಎಷ್ಟು ಜನ, ಎಷ್ಟು ಗಂಟೆಯೋ ಅಷ್ಟು ಬಿಲ್. ಕೆಳಗೆ ಫ್ರೆಶರ್‌ಗಳು ಜಾಸ್ತಿ ಇದ್ದು, ಮೇಲೆ ಹೋದಂತೆ ಜನ ಕಡಿಮೆಯಾದರೇ ಕಂಪನಿಗೆ ಲಾಭ. ಹತ್ತು ವರ್ಷ ದಾಟಿದವರ ಸಂಬಳ ಏರಿರುತ್ತದೆ. ಅವರು ಬರೆಯುವ ಕೋಡಿಗೆ ಕ್ಲೈಂಟ್ ಅದೇ ಲೆಕ್ಕದಲ್ಲಿ ಜಾಸ್ತಿ ಕೊಡುವುದಿಲ್ಲ. ಹಾಗಾಗಿ ಆ ಸಂಬಳಕ್ಕೆ ನ್ಯಾಯ ಒದಗಬೇಕಾದರೆ ಅವರ ಕೈಕೆಳಗೆ ಒಂದಿಷ್ಟು ಜನ ಇರಲೇಬೇಕು. ಲೀಡ್, ಪ್ರಾಜೆಕ್ಟ್ ಮ್ಯಾನೇಜರ್, ಡೆಲಿವರಿ ಮ್ಯಾನೇಜರ್ ಎಂಬ ಮೆಟ್ಟಿಲುಗಳು ಗಟ್ಟಿಯಾದದ್ದು ಹೀಗೆ. ನಿಮ್ಮನ್ನು ಹೆದರಿಸುವವರು ಆ ಮೆಟ್ಟಿಲು ಹತ್ತಿದವರು, ಇಲ್ಲವೇ ಹತ್ತಲಾಗದೆ, ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತವರನ್ನು ಕಂಡವರು. ಅವರ ಮಾತು ಅವರ ಮಟ್ಟಿಗೆ ನಿಜ.

ನೀವಿರುವ ಕಡೆ ಲೆಕ್ಕ ಬೇರೆ. ಜನರನ್ನು ನೋಡಿಕೊಳ್ಳದೆ, ತಾಂತ್ರಿಕ ಕೆಲಸದಲ್ಲೇ ಮೇಲಕ್ಕೆ ಹೋಗುವ ದಾರಿ ಹೊಸದೇನಲ್ಲ. ಐಬಿಎಂ 1962ರಲ್ಲೇ 'ಐಬಿಎಂ ಫೆಲೋ' ಎಂಬ ಉನ್ನತ ತಾಂತ್ರಿಕ ಸ್ಥಾನ ಶುರು ಮಾಡಿತ್ತು. ಗೂಗಲ್‌ನಲ್ಲಿ ಇಂಜಿನಿಯರ್‌ಗಳ ಹಂತಗಳು ಹೀಗೆ: ಎಲ್5 ಸೀನಿಯರ್, ಎಲ್6 ಸ್ಟಾಫ್, ಎಲ್7 ಸೀನಿಯರ್ ಸ್ಟಾಫ್, ಎಲ್8 ಪ್ರಿನ್ಸಿಪಲ್. ಪಕ್ಕದಲ್ಲೇ ಮ್ಯಾನೇಜರ್‌ಗಳ ಏಣಿ. ಫೇಸ್‌ಬುಕ್ ನಡೆಸುವ ಮೆಟಾದಲ್ಲಿ ಮೊದಲ ಹಂತದ ಮ್ಯಾನೇಜರ್ ಎಂ1, ಸ್ಟಾಫ್ ಮಟ್ಟದ ಇ6 ಇಂಜಿನಿಯರ್‌ಗೆ ಸಮ.

ಇನ್ನು ಮ್ಯಾನೇಜರ್ ಕುರ್ಚಿ ಭದ್ರ ಅನ್ನುವ ಮಾತು. 2023ರಲ್ಲಿ ಮೆಟಾ ತನ್ನ ಎಷ್ಟೋ ಮ್ಯಾನೇಜರ್‌ಗಳಿಗೆ ಮತ್ತೆ ಸ್ವತಃ ಕೆಲಸ ಮಾಡುವ ಹುದ್ದೆಗೆ ಮರಳಲು ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಮುಖ್ಯಸ್ಥ ಆಂಡಿ ಜಾಸಿ, ಮ್ಯಾನೇಜರ್‌ಗಳಿಗೆ ಹೋಲಿಸಿದರೆ ಕೆಲಸ ಮಾಡುವವರ ಪ್ರಮಾಣವನ್ನು 2025ರ ಮಾರ್ಚ್ ಒಳಗೆ ಕನಿಷ್ಠ 15% ಏರಿಸಬೇಕು ಎಂದು ಬರೆದರು. ಕೆಲಸ ಹೋಗುವ ಭಯದಿಂದ ಮ್ಯಾನೇಜರ್ ಆಗುವುದಾದರೆ, ಆ ಭಯ ಅಲ್ಲೂ ನಿಮ್ಮ ಜೊತೆಗೇ ಬರುತ್ತದೆ.

ಭಯ ಬದಿಗಿಟ್ಟರೆ ಉಳಿಯುವುದು ಎರಡು ವಿಷಯ. ಆ ಹುದ್ದೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಏನು ಮಾಡಬೇಕು? ಅಂಥ ಹುದ್ದೆ ನಿಮ್ಮ ಆಫೀಸಿನಲ್ಲಿ ನಿಜವಾಗಿ ಇದೆಯಾ?

ಮ್ಯಾನೇಜರ್ ಆಗುವುದನ್ನು ನಮ್ಮ ಜನ ಬಡ್ತಿ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ವೃತ್ತಿಯನ್ನೇ ಬದಲಿಸಿದಂತೆ. ವಾರವೆಲ್ಲ ಒನ್-ಆನ್-ಒನ್ (ಟೀಮಿನ ಒಬ್ಬೊಬ್ಬರ ಜೊತೆ ಪ್ರತ್ಯೇಕ ಮಾತುಕತೆ), ಇಂಟರ್ವ್ಯೂ, ಹೆಡ್‌ಕೌಂಟ್ (ಟೀಮಿಗೆ ಎಷ್ಟು ಜನ ಅನ್ನುವ) ಚರ್ಚೆ. ಆಫರ್ ಕೊಟ್ಟ ಹುಡುಗ 90 ದಿನದ ನೋಟಿಸ್ ಪೀರಿಯಡ್ ಮುಗಿಸುವಷ್ಟರಲ್ಲಿ ಇನ್ನೆರಡು ಆಫರ್ ಹಿಡಿದು, ಸೇರುವ ದಿನ ಫೋನ್ ಎತ್ತುವುದಿಲ್ಲ. ನೀವು ಮತ್ತೆ ಮೊದಲಿನಿಂದ ಶುರು. ಅಪ್ರೈಸಲ್ ಬಂತೆಂದರೆ ಇನ್ನೊಂದು ಪಾಡು. ಹೈಕ್‌ಗೆ ಬರುವ ಒಟ್ಟು ಹಣ ಇಷ್ಟೇ ಎಂದು ಮೇಲಿನಿಂದ ಬಂದಿರುತ್ತದೆ. ಚೆನ್ನಾಗಿ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬರಿಗೆ ನಡುವಿನ ರೇಟಿಂಗ್ ಕೊಟ್ಟು, ಎದುರು ಕೂರಿಸಿಕೊಂಡು ಯಾಕೆ ಅಂತ ಹೇಳಬೇಕು. ನಿಮಗೇ ಒಪ್ಪಿಗೆಯಿಲ್ಲದ ತೀರ್ಮಾನವನ್ನೂ ನಿಮ್ಮದೇ ಅನ್ನುವ ಹಾಗೆ ಹೇಳಬೇಕು. ಇದು ಬೇಜಾರಿನ ಕೆಲಸ ಅಂತ ನಾನು ಹೇಳುತ್ತಿಲ್ಲ. ಮೂರು ವರ್ಷದ ಹಿಂದೆ ಮೀಟಿಂಗ್‌ನಲ್ಲಿ ಬಾಯಿ ಬಿಡದಿದ್ದ ಹುಡುಗಿ ಇವತ್ತು ಒಂದು ಪ್ರಾಡಕ್ಟ್ ನಡೆಸುತ್ತಿದ್ದಾಳೆ ಅಂತ ಖುಷಿಪಡುವವರು ಈ ಕೆಲಸವನ್ನು ಬಿಡುವುದೇ ಇಲ್ಲ.

ಮ್ಯಾನೇಜರ್‌ಗಳು ಬೇಡವೇ ಬೇಡ ಅಂತ ಗೂಗಲ್ ಒಮ್ಮೆ ಪರೀಕ್ಷಿಸಿಯೂ ನೋಡಿತ್ತು. 2002ರಲ್ಲಿ ಇಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನೇ ತೆಗೆದರು. ಖರ್ಚಿನ ಬಿಲ್ಲು, ಸಹೋದ್ಯೋಗಿಗಳ ಜಗಳ ಎಲ್ಲವೂ ನೇರ ಗೂಗಲ್ ಸ್ಥಾಪಕರಲ್ಲೊಬ್ಬರಾದ ಲ್ಯಾರಿ ಪೇಜ್ ಹತ್ತಿರ ಬರತೊಡಗಿದವು. ಪ್ರಯೋಗ ಕೆಲವೇ ತಿಂಗಳಲ್ಲಿ ಮುಗಿಯಿತು.

ಈಗ ಟೆಕ್ನಿಕಲ್ ದಾರಿ. "ನನಗೆ ಕೋಡ್ ಬರೆಯೋದು ಇಷ್ಟ" ಅಂತ ಬರೆದಿದ್ದೀರಿ. ಸ್ವಲ್ಪ ತಡೆಯಿರಿ. ಸ್ಟಾಫ್ ಇಂಜಿನಿಯರ್ ಅಂದರೆ ಸೀನಿಯರ್‌ಗಿಂತ ಜಾಸ್ತಿ ಕೋಡ್ ಬರೆಯುವವರು ಅಂತ ತುಂಬಾ ಜನ ತಿಳಿದಿದ್ದಾರೆ. ಹೆಚ್ಚಿನ ಕಡೆ ಕೋಡ್ ಕಡಿಮೆಯೇ ಆಗುತ್ತದೆ. ಪೇಮೆಂಟ್ ವ್ಯವಸ್ಥೆಯನ್ನು ಹಳೆಯ ಡೇಟಾಬೇಸ್‌ನಿಂದ ಹೊಸದಕ್ಕೆ ಸಾಗಿಸಬೇಕು ಅಂದುಕೊಳ್ಳಿ. ಸೀನಿಯರ್ ಆಗಿ ನೀವು ನಿಮ್ಮ ಟೀಮಿನ ಭಾಗ ಮಾಡಿ ಮುಗಿಸುತ್ತೀರಿ. ಸ್ಟಾಫ್ ಆದರೆ ನಾಲ್ಕು ಟೀಮುಗಳು ಯಾವ ಕ್ರಮದಲ್ಲಿ ಸಾಗಬೇಕು, ನಡುವೆ ಎಡವಿದರೆ ವಾಪಸ್ ಬರುವುದು ಹೇಗೆ ಎಂದು ಡಿಸೈನ್ ಡಾಕ್ಯುಮೆಂಟ್ ಬರೆಯಬೇಕು. ಈ ಕ್ವಾರ್ಟರ್‌ನಲ್ಲಿ ಪುರುಸೊತ್ತಿಲ್ಲ ಅನ್ನುವ ಟೀಮನ್ನು ಒಪ್ಪಿಸಬೇಕು. ಅವರು ನಿಮ್ಮ ಕೈಕೆಳಗಿನವರಲ್ಲ, ಹೇಳಿದರೆ ಕೇಳಲೇಬೇಕು ಅಂತೇನಿಲ್ಲ. ಜನರ ಗೋಜು ಬೇಡ ಅಂತ ಈ ಕಡೆ ಬಂದವರಿಗೆ ಇಲ್ಲೂ ಜನರೇ ಸಿಗುತ್ತಾರೆ. ಅಧಿಕಾರ ಮಾತ್ರ ಇರುವುದಿಲ್ಲ! ಈಗ ಎಐ ಸಾಧನಗಳೂ ಕೋಡ್ ಬರೆದುಕೊಡುತ್ತಿವೆ. ಏನನ್ನು ಕಟ್ಟಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವ ತೀರ್ಮಾನದ ತೂಕ ಇನ್ನೂ ಜಾಸ್ತಿಯಾಗುತ್ತದೆ ಅಂತ ನನಗನಿಸುತ್ತದೆ.

ಹುದ್ದೆ ಇದೆಯಾ ಅನ್ನುವುದು ನಿಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯ, ಆದರೆ ಕೇಳುವವರು ಕಡಿಮೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಎರಡು ಏಣಿ ಇರುತ್ತವೆ. ಬೆಂಗಳೂರು ಕೇಂದ್ರದಲ್ಲಿ ಟೆಕ್ನಿಕಲ್ ಏಣಿ ಎಷ್ಟು ಎತ್ತರದವರೆಗೆ ಇದೆ ಅಂತ ನೋಡಿ. ಸ್ಟಾಫ್, ಪ್ರಿನ್ಸಿಪಲ್ ಎಷ್ಟು ಜನ ಇದ್ದಾರೆ? ಇಲ್ಲೇ ಬಡ್ತಿ ಪಡೆದವರಾ, ಅಮೆರಿಕದಿಂದ ಬಂದವರಾ? ಪ್ರಾಡಕ್ಟ್ ಪೂರ್ತಿ ಇಲ್ಲಿಯದಾ, ಅಥವಾ ದೊಡ್ಡ ತೀರ್ಮಾನವೆಲ್ಲ ಅಲ್ಲಿ ಆಗಿ ಇಲ್ಲಿಗೆ ಬರೀ ಮಾಡಿ ಮುಗಿಸಬೇಕಾದ ಕೆಲಸದ ಚೀಟಿ (ಟಿಕೆಟ್) ಬರುತ್ತದಾ? ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆ ಅಂದರೆ ನಮಗೆ ರಾತ್ರಿ 9:30, ಚಳಿಗಾಲದಲ್ಲಿ 10:30. ಡಿಸೈನ್ ಚರ್ಚೆ ಆಗುವುದು ಆ ಹೊತ್ತಿಗೇ ಆದರೆ, ಸ್ಟಾಫ್ ಆಗಬೇಕೆನ್ನುವವರು ದಿನಾ ಆ ಹೊತ್ತಿಗೆ ಎಚ್ಚರವಾಗಿ, ಮಾತಿನ ನಡುವೆ ಇರಬೇಕು. ಮನೆಯಲ್ಲಿ ಪುಟ್ಟ ಮಗು ಇದ್ದರೆ ಇದು ಸಣ್ಣ ವಿಷಯವಲ್ಲ. ಮ್ಯಾನೇಜರ್ ಹುದ್ದೆಗೂ ಹೀಗೇ ಕೇಳಿ. ಟೀಮ್ ಬೆಳೆಯುತ್ತಿದ್ದರೆ ಮಾತ್ರ ಅಲ್ಲಿ ಜಾಗ ಹುಟ್ಟುತ್ತದೆ. ಹೆಡ್‌ಕೌಂಟ್ ನಿಂತಿದ್ದರೆ ನಿಮಗೆ ಕೊಡುವುದು ಬರೀ ಭರವಸೆ.

ಮೂರನೆಯ ದಾರಿಯೂ ಒಂದಿದೆ, ಇರುವಲ್ಲೇ ಇರುವುದು. ಮೆಟಾದಲ್ಲಿ ಸೀನಿಯರ್‌ಗಿಂತ ಕೆಳಗಿನ ಇ3, ಇ4 ಹಂತದವರು ಇಷ್ಟು ಕಾಲದೊಳಗೆ ಮೇಲೇರಬೇಕು ಅನ್ನುವ ಒತ್ತಡ ಇರುತ್ತದೆ. ಇ5 ಸೀನಿಯರ್ ಆದ ಮೇಲೆ ಅದಿಲ್ಲ. ಅಮೆಜಾನ್‌ನಲ್ಲಿ ಸೀನಿಯರ್ ಆದ ಮೇಲೆ ನೇರ ಪ್ರಿನ್ಸಿಪಲ್, ನಡುವೆ ಸ್ಟಾಫ್ ಅನ್ನುವ ಮೆಟ್ಟಿಲೇ ಇಲ್ಲ. ಆ ಜಿಗಿತ ದೊಡ್ಡದು, ತುಂಬಾ ಜನ ಸೀನಿಯರ್ ಆಗಿಯೇ ಚೆನ್ನಾಗಿದ್ದಾರೆ. ಊರಲ್ಲಿ ಅಪ್ಪ-ಅಮ್ಮನ ಆರೋಗ್ಯ, ಮಕ್ಕಳ ಶಾಲೆ ಅಂತ ತಲೆ ತುಂಬಿರುವ ನಾಲ್ಕೈದು ವರ್ಷ ಇದೇ ಸರಿಯಾದ ಆಯ್ಕೆ. ಮದುವೆ ಮನೆಯಲ್ಲಿ "ಇನ್ನೂ ಮ್ಯಾನೇಜರ್ ಆಗಿಲ್ವೇನಪ್ಪಾ?" ಅಂತ ಕೇಳುವ ಮಾವಂದಿರನ್ನು ಸಹಿಸಿಕೊಂಡರೆ ಆಯಿತು.

ಅಮೆರಿಕಕ್ಕೆ ಹೋಗುವ ಯೋಚನೆ ಇದ್ದವರಿಗೆ ಒಂದು ಮಾತು. ಕಂಪನಿಯೊಳಗಿನ ವರ್ಗಾವಣೆಯಲ್ಲಿ ಮ್ಯಾನೇಜರ್‌ಗಳು ಹೋಗುವ ಎಲ್-1ಎ ವೀಸಾ ಗರಿಷ್ಠ 7 ವರ್ಷ, ವಿಶೇಷ ಜ್ಞಾನದವರ ಎಲ್-1ಬಿ 5 ವರ್ಷ. ಇಲ್ಲಿ ಕನಿಷ್ಠ ಒಂದು ವರ್ಷ ಮ್ಯಾನೇಜರ್ ಆಗಿದ್ದು ಹೋದವರಿಗೆ ಇಬಿ-1ಸಿ ಎಂಬ ಗ್ರೀನ್ ಕಾರ್ಡ್ ದಾರಿಯೂ ಉಂಟು. ಕೆಲವರು ಇದಕ್ಕಾಗಿಯೇ ಮ್ಯಾನೇಜರ್ ಆಗುತ್ತಾರೆ, ತಪ್ಪೇನಿಲ್ಲ. ಈಗಾಗಲೇ ಅಲ್ಲಿದ್ದು ಪರ್ಮ್ (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಮೊದಲು ಹಾಕುವ) ಅರ್ಜಿ ನಡೆಯುತ್ತಿದ್ದರೆ ಮಾತ್ರ ಹುದ್ದೆ ಬದಲಿಸುವ ಮೊದಲು ವಕೀಲರನ್ನು ಕೇಳಿ. ಮಾಡುವ ಕೆಲಸವೇ ಬೇರೆಯಾದರೆ ಅರ್ಜಿ ಮೊದಲಿನಿಂದ ಶುರುವಾಗಬಹುದು.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಮ್ಯಾನೇಜರ್‌ಗೆ ಈಗಲೇ ಇದು ಅಥವಾ ಅದು ಅಂತ ಹೇಳಬೇಡಿ. ಆರು ತಿಂಗಳು ಎರಡರ ರುಚಿಯನ್ನೂ ನೋಡುವ ಅವಕಾಶ ಕೇಳಿ. ಒಬ್ಬ ಇಂಟರ್ನ್ ಮತ್ತು ಹೊಸದಾಗಿ ಸೇರಿದವರೊಬ್ಬರ ಜವಾಬ್ದಾರಿ, ಕೆಲವು ಇಂಟರ್ವ್ಯೂ ಪ್ಯಾನೆಲ್, ಜೊತೆಗೆ ಇನ್ನೊಂದು ಟೀಮಿನ ಒಪ್ಪಿಗೆ ಬೇಕಾಗುವ ಒಂದು ಡಿಸೈನ್. ಯಾವುದರ ಬಗ್ಗೆ ಭಾನುವಾರ ಸಂಜೆಯೂ ತಾನಾಗಿ ಯೋಚನೆ ಬರುತ್ತದೆ, ಯಾವುದನ್ನು ಸೋಮವಾರಕ್ಕೆ ತಳ್ಳುತ್ತೀರಿ ಅಂತ ನೋಡಿಕೊಳ್ಳಿ. ನೀವು ಬರೆದದ್ದನ್ನು ನೋಡಿದರೆ ಟೆಕ್ನಿಕಲ್ ಕಡೆಗೇ ವಾಲುತ್ತೀರಿ ಅಂತ ನನ್ನ ಅಂದಾಜು. ಮ್ಯಾನೇಜರ್ ಆಗಿ ನೋಡುವುದೇ ಆದರೆ, ಒಗ್ಗದಿದ್ದರೆ ಇದೇ ಮಟ್ಟಕ್ಕೆ ವಾಪಸ್ ಬರಬಹುದಾ ಅಂತ ಮೊದಲೇ ಕೇಳಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಒಂದೆರಡು ವರ್ಷದೊಳಗೆ ಮರಳುವುದು ಕಷ್ಟವಲ್ಲ. ಐದು ವರ್ಷ ಕಳೆದರೆ ಕೋಡಿಂಗ್ ಇಂಟರ್ವ್ಯೂಗೆ ಕೂರಲು ಕೈ ನಡುಗುತ್ತದೆ.

ನಿಮ್ಮ ಕೇಂದ್ರದಲ್ಲಿ ಸ್ಟಾಫ್ ಹುದ್ದೆಯೇ ಇಲ್ಲ ಅಂತ ಗೊತ್ತಾದರೆ ಹೊರಗೆ ಹುಡುಕಿ. ಆದರೆ ಹುದ್ದೆಯ ಹೆಸರು ನೋಡಿ ಮರುಳಾಗಬೇಡಿ. ಸಣ್ಣ ಸ್ಟಾರ್ಟ್‌ಅಪ್ ಒಂದರ ಪ್ರಿನ್ಸಿಪಲ್ ದೊಡ್ಡ ಕಂಪನಿಯಲ್ಲಿ ಸೀನಿಯರ್‌ಗೆ ಸಮ ಇರಬಹುದು. ಹೈರಿಂಗ್ ಮ್ಯಾನೇಜರ್ ಸಿಕ್ಕಾಗ, ಇದೇ ಮಟ್ಟದಲ್ಲಿ ಬೆಂಗಳೂರಿನಲ್ಲಿರುವ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿಸಿ ಅಂತ ಕೇಳಿ. ಕಳೆದ ವಾರ ಏನೇನು ಮಾಡಿದಿರಿ ಅಂತ ಅವರನ್ನು ವಿಚಾರಿಸಿ.