ಉಂಡೂ ಚೆನ್ನಾಗಿದ್ದವರನ್ನು ಕೇಳಿ

ಮದುವೆ ಊಟ ಮಾಡಿದವರಿಗೆ ಒಬ್ಬರ ಹಿಂದೆ ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ಊರಿನವರು ತಕ್ಷಣ ಮಾಡುವ ಕೆಲಸ ಎರಡು. ಒಂದು, ಸುಸ್ತಾದವರನ್ನು ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸುವುದು. ಇನ್ನೊಂದು, ಉಳಿದ ಅಡುಗೆಯನ್ನೆಲ್ಲ ತಿಪ್ಪೆಗೆ ಸುರಿದು ಪಾತ್ರೆ ತಿಕ್ಕಿಡುವುದು. ಮೊದಲನೆಯದು ಸರಿಯಾದ ಕೆಲಸ. ಎರಡನೆಯದರಿಂದ ಸಾಕ್ಷಿಯೇ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಊರಿನ ತೀರ್ಪೂ ಬಂದಿರುತ್ತದೆ: ‘ಬದನೆಕಾಯಿ ಪಲ್ಯದಾಗೇ ಏನೋ ಇತ್ತು.’ ಅಡುಗೆಯವರು ಮುಖ ತೋರಿಸದೆ ಊರು ಬಿಟ್ಟಿರುತ್ತಾರೆ.

ಕಲಬುರಗಿ ಜಿಲ್ಲೆ, ಆಳಂದದ ಕಡೆ ಒಂದು ಹಳ್ಳಿ, ಮೇ ತಿಂಗಳು ಅಂದುಕೊಳ್ಳೋಣ. ಹಳ್ಳಿ, ಮದುವೆ, ಮುಂದೆ ಹೇಳುವ ಲೆಕ್ಕ ಎಲ್ಲವೂ ಕಲ್ಪನೆ. ಆದರೆ ಆರೋಗ್ಯ ಇಲಾಖೆಯವರು ಇಂಥ ಕಡೆ ಕೆಲಸ ಮಾಡುವ ಬಗೆ ಹೀಗೇ ಇರುತ್ತದೆ.

ಸುದ್ದಿ ಆಶಾ ಕಾರ್ಯಕರ್ತೆಯಿಂದಲೋ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ಮೇಲೆ ಹೋಗುತ್ತದೆ. ದೇಶದಲ್ಲಿ 2004ರಿಂದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮ ಇದೆ. ಯಾವ ಊರಲ್ಲಿ ಯಾವ ಕಾಯಿಲೆ ಇದ್ದಕ್ಕಿದ್ದಂತೆ ಜಾಸ್ತಿಯಾಯಿತು ಎಂದು ನೋಡುತ್ತಿರುವುದೇ ಅದರ ಕೆಲಸ. ಜಿಲ್ಲಾ ಸರ್ವೇಕ್ಷಣಾಧಿಕಾರಿ ತಮ್ಮ ತಂಡ ಕಳಿಸುತ್ತಾರೆ. ತಂಡ ಬಂದ ಕೂಡಲೇ ಚಿಕಿತ್ಸೆ, ಓಆರ್‌ಎಸ್, ಅನುಮಾನ ಬಂದ ಊಟ ಮತ್ತೆ ಯಾರ ಬಾಯಿಗೂ ಹೋಗದಂತೆ ತಡೆಯುವುದು. ತನಿಖೆ ಇದರ ಜೊತೆಜೊತೆಗೇ ನಡೆಯುತ್ತದೆ.

ಮೊದಲ ಪ್ರಶ್ನೆ, ಯಾರನ್ನು ‘ಕಾಯಿಲೆಯಾದವರು’ ಎಂದು ಎಣಿಸಬೇಕು? ಗಾಬರಿಗೆ ಹೊಟ್ಟೆ ತೊಳಸಿದವರೂ ಇರುತ್ತಾರೆ, ಅಲ್ವಾ? ಅದಕ್ಕೆ ಒಂದು ಗೆರೆ ಎಳೆಯುತ್ತಾರೆ. ಮದುವೆ ಊಟ ಮಾಡಿ, 24 ಗಂಟೆಯೊಳಗೆ ವಾಂತಿಯಾದವರು, ಇಲ್ಲವೇ 3 ಸಲಕ್ಕಿಂತ ಕಡಿಮೆಯಿಲ್ಲದೆ ಭೇದಿಯಾದವರು. ಈ ಗೆರೆ ಎಲ್ಲರಿಗೂ ಒಂದೇ.

ಆಮೇಲೆ ಗಡಿಯಾರ. ಊಟ ಎಷ್ಟು ಗಂಟೆಗೆ, ವಾಂತಿ ಎಷ್ಟು ಗಂಟೆಗೆ? ಯಾವ ರೋಗಾಣು ಇರಬಹುದು ಎಂಬ ಸುಳಿವು ಪ್ರಯೋಗಾಲಯದ ವರದಿಗೂ ಮೊದಲು ಸಿಗುವುದು ಇಲ್ಲೇ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಊಟದಲ್ಲೇ ವಿಷ ಬಿಟ್ಟಿದ್ದರೆ 1ರಿಂದ 6 ಗಂಟೆಯೊಳಗೆ ವಾಂತಿ. ಬೇಯಿಸಿ ಹಾಗೇ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ವಿಷಕ್ಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಸಾಲ್ಮೊನೆಲ್ಲಾ ಆದರೆ ಸಾಮಾನ್ಯವಾಗಿ 12ರಿಂದ 36 ಗಂಟೆ ಬೇಕು, ಜೊತೆಗೆ ಜ್ವರವೂ ಬರುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಕಾಣಿಸಿಕೊಳ್ಳಲು ಸುಮಾರು 4 ವಾರ ಹಿಡಿಯುತ್ತದೆ. ಅಷ್ಟರಲ್ಲಿ ಆ ಊಟವನ್ನೇ ಮರೆತಿರುತ್ತೇವೆ. ನಿನ್ನೆ ಮೊನ್ನೆ ಉಂಡದ್ದರ ಮೇಲೆ ತಪ್ಪು ಹೊರಿಸುತ್ತೇವೆ.

ನಿಮಿಷಗಳಲ್ಲೇ ಜನ ಬೀಳತೊಡಗಿದರೆ ಬೇರೆ ಅನುಮಾನ ಬರಬೇಕು: ರಾಸಾಯನಿಕ ವಿಷ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಊಟದಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ತೊಗರಿಗೂ ಹತ್ತಿಗೂ ಔಷಧಿ ಹೊಡೆಯುವ ನಮ್ಮ ಕಡೆ ಖಾಲಿ ಡಬ್ಬಿ ತೊಳೆದು ಎಣ್ಣೆಗೋ ನೀರಿಗೋ ಇಟ್ಟುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತದೆ. ಆ ಡಬ್ಬಿ ಎಷ್ಟು ತೊಳೆದರೂ ಅಡುಗೆಮನೆಗೆ ಬರಬಾರದು.

ಗಂಟೆಗೆ ಎಷ್ಟು ಜನ ಬಿದ್ದರು ಎಂದು ಕಾಗದದ ಮೇಲೆ ಗುರುತಿಸಿದರೆ ಒಂದು ಚಿತ್ರ ಬರುತ್ತದೆ. ಒಂದೇ ಊಟದಿಂದ ಆಗಿದ್ದರೆ ಸಂಖ್ಯೆ ಸರ್ರನೆ ಏರಿ ಬೇಗ ಇಳಿಯುತ್ತದೆ. ಕುಡಿಯುವ ನೀರಿನ ಪೈಪಿಗೆ ಚರಂಡಿ ನೀರು ಸೇರುತ್ತಿದ್ದರೆ ದಿನವೂ ಹೊಸಬರು ಬರುತ್ತಲೇ ಇರುತ್ತಾರೆ. ಮದುವೆಗೆ ಹೋಗದವರೂ ಮಲಗುತ್ತಾರೆ. ಆಗ ಮದುವೆ ಮನೆ ಬಿಟ್ಟು ನೀರಿನ ಟ್ಯಾಂಕಿನತ್ತ ನಡೆಯಬೇಕು.

ನಮ್ಮ ಮದುವೆಯಲ್ಲಿ ಊಟ ಮಧ್ಯಾಹ್ನ 1 ಗಂಟೆಗೆ. 3ರಿಂದ 6ರೊಳಗೆ ವಾಂತಿ. ಜ್ವರವಿಲ್ಲ. ಹಾಗಾದರೆ ವಿಷ ಊಟದಲ್ಲೇ ತಯಾರಾಗಿತ್ತು ಅನ್ನಬಹುದು. ಆದರೆ ಯಾವ ಅಡುಗೆಯಲ್ಲಿ?

ಈಗ ಆಶಾ ಕಾರ್ಯಕರ್ತೆ ಏನೂ ಆಗದವರ ಬಾಗಿಲು ತಟ್ಟುತ್ತಾರೆ. ‘ಯವ್ವಾ, ನಿನ್ನೆ ಮದುವ್ಯಾಗ ಏನೇನು ಉಂಡ್ರಿ?’ ಆ ತಾಯಿಗೆ ಆಶ್ಚರ್ಯ. ‘ನಾ ಆರಾಮ ಇದ್ದೀನವ್ವಾ, ನನ್ನ ಯಾಕ ಕೇಳ್ತಿ?’ ಈ ಇಡೀ ವಿದ್ಯೆಯ ಜೀವ ಈ ಪ್ರಶ್ನೆಯಲ್ಲಿದೆ. ಆರಾಮ ಇದ್ದವರನ್ನು ಕೇಳದಿದ್ದರೆ ತಪ್ಪು ಅಡುಗೆಯ ಮೇಲೆ ಬೆರಳು ತೋರಿಸುತ್ತೇವೆ.

ಲೆಕ್ಕ ನೋಡಿ. 100 ಜನರನ್ನು ಕೇಳಿದರು. 50 ಜನಕ್ಕೆ ಕಾಯಿಲೆ. ಅವರಲ್ಲಿ 45 ಜನ ಬದನೆಕಾಯಿ ಪಲ್ಯ ಉಂಡಿದ್ದರು. ಇಷ್ಟು ಕೇಳಿದರೆ ಯಾರಿಗಾದರೂ ಪಲ್ಯವೇ ಕಳ್ಳ ಅನ್ನಿಸುತ್ತದೆ. ಆದರೆ ಪಲ್ಯ ಉಂಡವರು ಒಟ್ಟು 90 ಜನ. ಅಂದರೆ ಉಂಡವರಲ್ಲಿ ಅರ್ಧಕ್ಕೆ ಕಾಯಿಲೆ. ಉಣ್ಣದ 10 ಜನರಲ್ಲೂ 5 ಜನಕ್ಕೆ, ಅಲ್ಲೂ ಅರ್ಧ. ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ರೊಟ್ಟಿ ಜೊತೆ ಪಲ್ಯ ಹೆಚ್ಚುಕಮ್ಮಿ ಎಲ್ಲರೂ ಉಂಡಿದ್ದರು, ಅದಕ್ಕೇ ಅನುಮಾನ ಬಂತು. ಈಗ ಬಾಸುಂದಿ. ಉಂಡವರು 60, ಕಾಯಿಲೆ 48 ಜನಕ್ಕೆ: ನೂರಕ್ಕೆ 80. ಉಣ್ಣದವರು 40, ಕಾಯಿಲೆ 2 ಜನಕ್ಕೆ: ನೂರಕ್ಕೆ 5. ಹದಿನಾರು ಪಟ್ಟು ವ್ಯತ್ಯಾಸ. ಉಣ್ಣದ ಆ ಇಬ್ಬರು? ಮೊಮ್ಮಗನ ಬಟ್ಟಲಿನಿಂದ ಒಂದು ಚಮಚ ರುಚಿ ನೋಡಿ ಮರೆತಿರಬಹುದು. ಬೇರೆ ಕಾರಣಕ್ಕೂ ಹೊಟ್ಟೆ ಕೆಟ್ಟಿರಬಹುದು. ಮನುಷ್ಯರ ನೆನಪಿನ ಲೆಕ್ಕ ಪೂರ್ತಿ ಚೊಕ್ಕ ಇರುವುದಿಲ್ಲ.

ಇದೇ ಲೆಕ್ಕದ ಹೆಸರಾಂತ ಪಾಠ ಅಮೆರಿಕದ್ದು. 1940ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಸ್ವೀಗೋ ಕೌಂಟಿಯಲ್ಲಿ ಚರ್ಚ್ ಊಟ ಮಾಡಿದವರಲ್ಲಿ 75 ಜನರನ್ನು ವಿಚಾರಿಸಿದರು. 46 ಜನಕ್ಕೆ ಕಾಯಿಲೆಯಾಗಿತ್ತು. ವೆನಿಲ್ಲಾ ಐಸ್‌ಕ್ರೀಂ ತಿಂದ 54 ಜನರಲ್ಲಿ 43 ಜನ ಬಿದ್ದಿದ್ದರು. ತಿನ್ನದ 21 ಜನರಲ್ಲಿ 3 ಜನ ಮಾತ್ರ. ಇಂದಿಗೂ ರೋಗ ತನಿಖೆ ಕಲಿಯುವವರಿಗೆ ಈ ಪಟ್ಟಿಯನ್ನೇ ಕೊಟ್ಟು ಲೆಕ್ಕ ಮಾಡಿಸುತ್ತಾರೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಂಥ ಕಡೆ ಈ ದಾರಿ ನಡೆಯುವುದಿಲ್ಲ. ಯಾರು ಬಂದರು, ಯಾರು ಉಂಡರು ಎಂಬ ಪಟ್ಟಿಯೇ ಇರುವುದಿಲ್ಲ. ಆಗ ಕಾಯಿಲೆಯಾದ ಕೆಲವರನ್ನು, ಅವರ ಜೊತೆಗೇ ಬಂದು ಆರಾಮ ಇದ್ದ ಕೆಲವರನ್ನು ಕೇಳಿ ಹೋಲಿಸುತ್ತಾರೆ. ಅಲ್ಲಿಯೂ ಆರಾಮ ಇದ್ದವರು ಬೇಕೇ ಬೇಕು.

ಇನ್ನು ಬಾಸುಂದಿ ಹೇಗೆ ಕೆಟ್ಟಿತು? ಹಾಲು ಗಂಟೆಗಟ್ಟಲೆ ಕುದ್ದಿದೆ, ಬ್ಯಾಕ್ಟೀರಿಯಾ ಸತ್ತಿರಬೇಕಲ್ಲ? ಸತ್ತಿರುತ್ತದೆ. ಆದರೆ ಕುದಿಸಿ ಇಳಿಸಿದ ಮೇಲೆ ಸಕ್ಕರೆ, ಏಲಕ್ಕಿ ಹಾಕಿ ಕಲಸಿದ ಕೈಯಲ್ಲಿ ಒಂದು ಗಾಯವಿದ್ದರೆ ಸಾಕು. ಸ್ಟ್ಯಾಫಿಲೋಕಾಕಸ್ ಅನೇಕ ಆರೋಗ್ಯವಂತರ ಮೂಗಿನಲ್ಲೂ ಇರುತ್ತದೆ. ರಾತ್ರಿಯೇ ಮಾಡಿದ ದೊಡ್ಡ ಪಾತ್ರೆಯ ಬಾಸುಂದಿ ನಡುವೆ ಬೇಗ ತಣಿಯುವುದಿಲ್ಲ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ನಮ್ಮ ಮೇ ತಿಂಗಳಲ್ಲಿ ಫ್ರಿಜ್ ಹೊರಗೆ ಇಟ್ಟದ್ದೆಲ್ಲ ಹಗಲು ರಾತ್ರಿ ಆ ನಡುವೆಯೇ ಇರುತ್ತದೆ. ಮಧ್ಯಾಹ್ನ ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟ ವಿಷ ಕುದಿತಕ್ಕೆ ಜಗ್ಗುವುದಿಲ್ಲ. ಬಣ್ಣ, ವಾಸನೆ, ರುಚಿ ಏನೂ ಬದಲಾಗಿರುವುದಿಲ್ಲ. ‘ಹಳಸಿದ ವಾಸನೆ ಇರಲಿಲ್ಲ’ ಎಂದು ಅಡುಗೆಯವರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ.

ಅದಕ್ಕೇ ತಂಡದವರು ಅಡುಗೆಯವರನ್ನು ಗದರಿಸಬಾರದು. ಯಾವುದು ಎಷ್ಟು ಹೊತ್ತಿಗೆ ಇಳಿಸಿದಿರಿ, ಎಲ್ಲಿ ಇಟ್ಟಿರಿ, ಯಾರು ಕಲಸಿದರು ಎಂಬುದು ಅವರಿಗಷ್ಟೇ ಗೊತ್ತು. ಹೆದರಿ ಬಾಯಿ ಮುಚ್ಚಿದರೆ ಮುಂದಿನ ಮದುವೆಯಲ್ಲೂ ಅದೇ ಕೈ, ಅದೇ ಗಾಯ.

ಲೆಕ್ಕಕ್ಕೆ ಪ್ರಯೋಗಾಲಯದ ಬಲವೂ ಬೇಕು. ಉಳಿದ ಅಡುಗೆಯನ್ನು ಶುದ್ಧ ಡಬ್ಬಿಯಲ್ಲಿ ತಣ್ಣಗಿಟ್ಟು ಕಳಿಸುತ್ತಾರೆ. ರೋಗಿಗಳ ಮಲದ ಮಾದರಿಯನ್ನು ಆದಷ್ಟು ಆ್ಯಂಟಿಬಯೊಟಿಕ್ ಕೊಡುವ ಮೊದಲೇ ತೆಗೆಯುತ್ತಾರೆ. ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಅಲ್ಲೇ ನೋಡುತ್ತಾರೆ. ಹಾಗಾಗಿ ನಿಮ್ಮೂರಲ್ಲಿ ಇಂಥದ್ದು ಆದರೆ ಉಳಿದದ್ದನ್ನು ಚೆಲ್ಲಬೇಡಿ. ಮುಚ್ಚಿ, ಸಾಧ್ಯವಾದರೆ ಫ್ರಿಜ್‌ನಲ್ಲಿಟ್ಟು, ಯಾರೂ ಮುಟ್ಟದಂತೆ ನೋಡಿಕೊಳ್ಳಿ. ಆಶಾ ಕಾರ್ಯಕರ್ತೆ ಬಂದರೆ ‘ನಮಗೇನೂ ಆಗಿಲ್ಲ’ ಎಂದು ಬಾಗಿಲಿಂದಲೇ ಕಳಿಸಬೇಡಿ. ಏನು ಉಂಡಿರಿ, ಏನು ಬಿಟ್ಟಿರಿ, ಎರಡನ್ನೂ ಹೇಳಿ.