ಓದುಗರ ಪ್ರಶ್ನೆ: ನಡುಬೀದಿಯ ಪಿಸ್ತೂಲು ಕಾಳಗ ನಿಜವೆ?

ಪ್ರಶ್ನೆ: ಅಮೆರಿಕದ ಪಶ್ಚಿಮ ಗಡಿನಾಡಿನಲ್ಲಿ ಎಲ್ಲರೂ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ತಿರುಗುತ್ತಿದ್ದರೆ? ಜಗಳವಾದರೆ ಇಬ್ಬರು ನಡುಬೀದಿಯಲ್ಲಿ ಎದುರುಬದುರು ನಿಂತು ತೀರ್ಮಾನ ಮಾಡಿಕೊಳ್ಳುತ್ತಿದ್ದರೆ?

ಉತ್ತರ: ಈ ಪ್ರಶ್ನೆ ಪ್ರತಿಸಲವೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ, ಕೇಳುವವರ ಕಣ್ಣಮುಂದೆ ಇರುವುದು ಮಾತ್ರ ಅದೇ ಸಿನಿಮಾ ದೃಶ್ಯ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ದನ ಹೊಡೆದುಕೊಂಡು ಬಯಲಿನಲ್ಲಿ ಹೋಗುವವನ ಬಳಿ ಬಂದೂಕು ಇರುತ್ತಿತ್ತು, ನಿಜ. ಆದರೆ ಡಾಡ್ಜ್ ಸಿಟಿ, ವಿಚಿಟಾದಂತಹ ಊರುಗಳೊಳಗೆ ಅದನ್ನು ಧರಿಸಿ ಓಡಾಡುವುದಕ್ಕೆ ನಿಷೇಧವಿತ್ತು. ಅರಿಜೋನಾದ ಟೂಮ್‌ಸ್ಟೋನ್ ಊರು 1881ರ ಏಪ್ರಿಲ್‌ನಲ್ಲಿ ಇಂಥದೇ ಕಾನೂನು ಮಾಡಿತು.

ಆ ಕಾನೂನೇ ಪಶ್ಚಿಮದ ಅತಿ ಪ್ರಸಿದ್ಧ ಗುಂಡಿನ ಕಾಳಗಕ್ಕೆ ನೆಪವಾಯಿತು ಎಂಬುದನ್ನು ಯಾರೂ ನೆನಪಿಡುವುದಿಲ್ಲ. 1881ರ ಅಕ್ಟೋಬರ್ 26ರಂದು ಊರಿನ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ, ವರ್ಜಿಲ್ ಅರ್ಪ್, ತಮ್ಮಂದಿರಾದ ವ್ಯಾಟ್ ಮತ್ತು ಮೋರ್ಗನ್‌ರನ್ನೂ ವ್ಯಾಟ್‌ನ ಗೆಳೆಯ ಡಾಕ್ ಹಾಲಿಡೇಯನ್ನೂ ಕರೆದುಕೊಂಡು ಹೊರಟದ್ದು ತಮ್ಮ ವೈರಿಗಳಾದ ಕ್ಲಾಂಟನ್ ಮತ್ತು ಮೆಕ್ಲಾರಿ ಸಹೋದರರ ಆಯುಧಗಳನ್ನು ಕಿತ್ತುಕೊಳ್ಳಲೆಂದು. ಓ.ಕೆ. ಕೊರಾಲ್ ಎಂದು ಹೆಸರಾದರೂ ಕಾಳಗ ನಡೆದದ್ದು ಆ ಕುದುರೆಲಾಯದಲ್ಲಲ್ಲ. ಅದರ ಹಿಂಬಾಗಿಲಿನಿಂದ ಕೊಂಚ ಆಚೆಗೆ, ಒಬ್ಬ ಛಾಯಾಗ್ರಾಹಕನ ವಸತಿಗೃಹದ ಪಕ್ಕದ ಇಕ್ಕಟ್ಟಾದ ಖಾಲಿ ಜಾಗದಲ್ಲಿ. ಎರಡು ಗುಂಪುಗಳ ನಡುವೆ ಕೆಲವೇ ಅಡಿಗಳ ಅಂತರ. ಸುಮಾರು ಅರ್ಧ ನಿಮಿಷದಲ್ಲಿ ಮೂವತ್ತರಷ್ಟು ಗುಂಡುಗಳು ಹಾರಿದವು. ಕರಿಮದ್ದಿನ ಹೊಗೆ ಕವಿಯಿತು. ಬಾಯಿಜೋರು ಮಾಡಿದ್ದ ಐಕ್ ಕ್ಲಾಂಟನ್ ಓಡಿಹೋದ. ಅವನ ತಮ್ಮ ಬಿಲ್ಲಿಯೂ ಮೆಕ್ಲಾರಿ ಸಹೋದರರಿಬ್ಬರೂ ಸತ್ತರು. ಮೊದಲ ಗುಂಡು ಯಾರದೆಂದು ಇಂದಿಗೂ ವಾದ ನಡೆಯುತ್ತಿರುವಾಗ, ಮೊದಲು ಸೆಳೆದವನು ಗೆದ್ದ ಎನ್ನುವುದು ಹೇಗೆ?

‘ಹಾಗಾದರೆ ಒಂದೂ ನಡೆಯಲಿಲ್ಲವೆ?’ ಎಂದು ಪಟ್ಟು ಹಿಡಿಯುವವರಿಗೆ ಒಂದನ್ನು ಬಿಟ್ಟುಕೊಡುತ್ತೇನೆ. 1865ರ ಜುಲೈನಲ್ಲಿ ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನ ಚೌಕದಲ್ಲಿ ಗುರಿಕಾರ ವೈಲ್ಡ್ ಬಿಲ್ ಹಿಕಾಕ್, ಜೂಜಿನ ಸಾಲ ಮತ್ತು ಒಂದು ಜೇಬುಗಡಿಯಾರದ ವಿಷಯಕ್ಕೆ, ಡೇವಿಸ್ ಟಟ್‌ನನ್ನು ಸುಮಾರು 75 ಗಜ ದೂರದಿಂದ ಹೊಡೆದು ಕೊಂದ. ಅದು ಸಂಜೆಯ ಹೊತ್ತು, ಮಟಮಟ ಮಧ್ಯಾಹ್ನವಲ್ಲ. ಇಂಥ ಪ್ರಕರಣ ತೀರಾ ಅಪರೂಪವಾದ್ದರಿಂದಲೇ ಅದು ಹೆಸರಾಯಿತು. ಅದೇ ಹಿಕಾಕ್ 1876ರಲ್ಲಿ ಡೆಡ್‌ವುಡ್‌ನಲ್ಲಿ ಇಸ್ಪೀಟು ಆಡುತ್ತಿದ್ದಾಗ ಹಿಂದಿನಿಂದ ತಲೆಗೆ ಗುಂಡು ತಿಂದ. 1882ರಲ್ಲಿ ದರೋಡೆಕೋರ ಜೆಸ್ಸಿ ಜೇಮ್ಸ್ ಸತ್ತದ್ದು ಸ್ವಂತ ಮನೆಯಲ್ಲಿ, ಗೋಡೆಯ ಪಟ ಸರಿಪಡಿಸುತ್ತಿದ್ದಾಗ, ಸ್ವಂತ ಗುಂಪಿನವನ ಕೈಯಲ್ಲಿ. ತಲೆಮರೆಸಿಕೊಂಡಿದ್ದ ಅಪರಾಧಿ ಬಿಲ್ಲಿ ದ ಕಿಡ್‌ನನ್ನು ಶೆರಿಫ್ ಪ್ಯಾಟ್ ಗ್ಯಾರೆಟ್ ಕತ್ತಲ ಕೋಣೆಯಲ್ಲಿ ಹೊಡೆದ. ಬದುಕಬೇಕೆಂದಿದ್ದ ಯಾವ ಗುರಿಕಾರನೂ ಎದುರಾಳಿಗೆ ಸಮಾನ ಅವಕಾಶ ಕೊಡುತ್ತಿರಲಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು: ಮಾರ್ಷಲ್ ಮತ್ತು ಶೆರಿಫ್ ಒಂದೇ ಅಲ್ಲ. ಟೂಮ್‌ಸ್ಟೋನ್‌ನ ಮಾರ್ಷಲ್ ಊರಿನ ನೌಕರ. ಶೆರಿಫ್ ಇಡೀ ಕೌಂಟಿಯ ಅಧಿಕಾರಿ, ಜೊತೆಗೆ ತೆರಿಗೆ ವಸೂಲಿಯವನು, ವಸೂಲಾದ ಹಣದಲ್ಲಿ ಅವನಿಗೊಂದು ಪಾಲು. 1881ರಲ್ಲಿ ಹೊಸದಾಗಿ ಹುಟ್ಟಿದ ಕೊಚೀಸ್ ಕೌಂಟಿಯಲ್ಲಿ ಈ ಹುದ್ದೆಗೆ ವ್ಯಾಟ್ ಅರ್ಪ್ ಕೂಡ ಆಸೆಪಟ್ಟಿದ್ದ. ಅದೇ ಹುದ್ದೆ ಬಯಸಿದ್ದ ಜಾನಿ ಬೆಹಾನ್, ವ್ಯಾಟ್‌ನನ್ನು ಉಪಶೆರಿಫ್ ಮಾಡುವುದಾಗಿ ಮಾತು ಕೊಟ್ಟದ್ದರಿಂದ ವ್ಯಾಟ್ ಹಿಂದೆ ಸರಿದ. ಶೆರಿಫ್ ಆದಮೇಲೆ ಬೆಹಾನ್ ಆ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟ.